ಲಾಯಕ್ಕೆ ಬಂದ ದಿನ

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದ ವರ್ಷ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ನನ್ನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರು ಜಪಾನಿ ಮನೆತನದ ಹಿರಿಯ ಹೆಂಗಸು. ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲೇ. ಒಂದು ಸಂಜೆ ಅವರನ್ನು ಮನೆಗೆ ಬಿಡಲು ಹೊರಟವಳು, ಮಗಳಿಗೆ ಶೂ ಕೊಳ್ಳೋಣವೆಂದು ಫ್ರೀವೇ ಪಕ್ಕದ ಮಾಲಿನಲ್ಲಿ ಕಾರು ನಿಲ್ಲಿಸಿದೆ. ಅವರು ಇಳಿಯಲಿಲ್ಲ.

"ಈ ಮಾಲು ಬರೋಕ್ಕೆ ಮುಂಚೆ ಇಲ್ಲಿ ಕುದುರೆ ರೇಸು ನಡೀತಿತ್ತು," ಎಂದರು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮೇಲೆ ಜಪಾನು ದಾಳಿ ಮಾಡಿದ ಮೇಲೆ, ಶತ್ರುಗಳಿಗೆ ನೆರವಾಗುತ್ತಾರೆಂಬ ಶಂಕೆಯಿಂದ ಅವರಂಥ ಜಪಾನಿ ಮೂಲದ ಕುಟುಂಬಗಳನ್ನು ಅಮೆರಿಕ ಸರ್ಕಾರವೇ ಬಸ್ಸುಗಳಲ್ಲಿ ತಂದು ಇಲ್ಲಿ ಕೂಡಿಹಾಕಿತ್ತಂತೆ. ಅವರಿನ್ನೂ ಪುಟ್ಟ ಹುಡುಗಿ.

"ನಮಗೆ ಸಿಕ್ಕಿದ್ದು ಕುದುರೆ ಲಾಯ. ಲದ್ದಿ ಮೇಲೇನೇ ಸುಣ್ಣ ಬಳಿದಿದ್ರು. ಅಮ್ಮ ತುಂಬು ಬಸುರಿ. ತನ್ನ ಕೋಟು ಬಿಚ್ಚಿ ನೆಲ ಒರೆಸಿದ್ಲು. ಅವತ್ತೇ ನೋವು ಶುರುವಾಯ್ತು."

"ಡಾಕ್ಟರು?"

"ಬಂದ್ರು. ಮಗು ಉಳೀಲಿಲ್ಲ. ಲಾಯಗಳ ನಡುವಿನ ಗೋಡೆ ಅರ್ಧಕ್ಕೇ ನಿಂತಿತ್ತು. ಪಕ್ಕದವರಿಗೆ ಕೇಳ್ಸತ್ತೆ ಅಂತ ಅಮ್ಮ ಜೋರಾಗಿ ಅಳಲೂ ಇಲ್ಲ."

ಕಾರು ಮತ್ತೆ ಹೊರಡಿಸಲು ನಾನು ಕೀಲಿಗೆ ಕೈ ಹಾಕಿದೆ.

"ಹೋಗಿ ಬಾ, ಅಂಗಡಿ ಮುಚ್ತಾರೆ," ಎಂದು ಅವರೇ ಕಳಿಸಿದರು.

ಒಳಗೆ ಜನ ಪಿಜ್ಜಾ ತಿನ್ನುತ್ತಿದ್ದರು, ಮಕ್ಕಳು ಓಡಾಡುತ್ತಿದ್ದವು. ಶೂ ಅಂಗಡಿಯವರೆಗೆ ಹೋಗಲು ನನ್ನಿಂದಾಗಲಿಲ್ಲ. ಬರಿಗೈಯಲ್ಲಿ ಮರಳಿದಾಗ ಅವರು ಸೀಟ್‌ಬೆಲ್ಟು ಕೂಡ ಬಿಚ್ಚದೆ ಕೂತಿದ್ದರು.