ಸ್ಕೂಟರಿನ ಬಲ ಪಕ್ಕೆಯ ಗಾಯ

ನನ್ನ ಹೆಸರಿಗೆ ಗಾಡಿ ಆಗುವುದು ಈ ಜನ್ಮದಲ್ಲಿ ಆಗದ ಮಾತು ಎಂದವರು ನನ್ನ ಸೋದರಮಾವ. ನಾನು ಬಿ.ಎ. ಪಾಸಾಗುವುದೂ ಆಗದ ಮಾತು ಎಂದು ಹಿಂದೆ ಅವರೇ ಹೇಳಿದ್ದರು. ಅದು ಸುಳ್ಳಾದ ಮೇಲೆ ಪಾಪ, ಅವರಿಗೆ ಹೇಳಲು ಏನೂ ಉಳಿದಿರಲಿಲ್ಲ. ಸ್ಕೂಟರ್ ಬಂದದ್ದು ಅವರಿಗೂ ಅನುಕೂಲವಾಯಿತು.

ಎಂಬತ್ತರ ದಶಕದ ಕೊನೆಯ ಮಾತು. ಲಿಂಗಸುಗೂರಿನಲ್ಲಿ ಓದಿ, ನಮ್ಮ ಮನೆತನದಲ್ಲೇ ಮೊದಲ ಡಿಗ್ರಿ ಪಡೆದು, ಸಿಂಧನೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮನೆ ಮಸ್ಕಿಯಲ್ಲಿ. ದಿನಾ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗುತ್ತಿದ್ದೆ; ಇಸ್ತ್ರಿ ಮಾಡಿದ ಅಂಗಿ ಸಿಂಧನೂರು ಮುಟ್ಟುವಷ್ಟರಲ್ಲಿ ಹಿಂಡಿದ ಅರಿವೆಯಾಗಿರುತ್ತಿತ್ತು. ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಸ್ಕೂಟರನ್ನು ನನಗೆ ಕೊಟ್ಟು, ಕಾಗದಗಳಿಗೆಲ್ಲ ಸಹಿ ಹಾಕಿ, "ಲಗೂನ ನಿನ್ನ ಹೆಸರಿಗೆ ಮಾಡಿಸ್ಕೋ" ಎಂದರು.

ಹೆಸರಿಗೆ ಆಗುವ ಮೊದಲೇ ಕಾರಹುಣ್ಣಿಮೆ ಬಂತು. ನಮ್ಮಪ್ಪ ಆಯುಷ್ಯವೆಲ್ಲ ಬೇರೆಯವರ ಎತ್ತು ಹೂಡಿದವನು. ಕಾರಹುಣ್ಣಿಮೆಗೆ ಬೇರೆಯವರ ಎತ್ತಿನ ಮೈ ತೊಳೆದು, ಬೇರೆಯವರ ಎತ್ತಿನ ಕೊಂಬಿಗೆ ಬಣ್ಣ ಬಳಿದವನು. ಆವತ್ತು ನಾನು ಮಧ್ಯಾಹ್ನ ನಿದ್ದೆ ಮಾಡಿ ಎದ್ದು ಬಂದರೆ, ಸ್ಕೂಟರಿನ ಹ್ಯಾಂಡಲ್ಲಿನ ಎರಡೂ ತುದಿಗೆ ಕೆಂಪು ಬಣ್ಣ, ಕನ್ನಡಿಗೆ ಉಣ್ಣೆಯ ಗೊಂಡೆ.

"ಯಪ್ಪಾ, ಏನಿದು?"

"ಹಬ್ಬದ ದಿನ ಬರಿಗೊಂಬು ಇರಬಾರದಲೇ."

ಆ ಕೊಂಬು ಹಿಡಿದೇ ನಾನು ದಿನಾ ಕಚೇರಿಗೆ ಹೋದೆ. ನಗುವವರು ನಕ್ಕರು.

ಮುಂದೆ ಲಿಂಗಸುಗೂರಿನಲ್ಲಿ ಗಾಡಿಗಳ ಕ್ಯಾಂಪ್ ಹಾಕಿದಾಗ, ಕಾಗದ ಹಿಡಿದುಕೊಂಡು ಹೋದೆ. ತಪಾಸಣೆ ಮಾಡುವವರಿಗೆ ನಮ್ಮ ಕಡೆ ಬ್ರೇಕ್ ಇನ್ಸ್‌ಪೆಕ್ಟರ್ ಅನ್ನುತ್ತಾರೆ. ಅವರು ಒಂದು ಕಾಗದದ ಪಟ್ಟಿ, ಒಂದು ಪೆನ್ಸಿಲ್ ಕೊಟ್ಟು, "ಚಾಸಿ ನಂಬರಿನ ಮ್ಯಾಲೆ ಕಾಗದ ಇಟ್ಟು ಉಜ್ಜಿ ತರ್ರಿ, ಅಕ್ಷರ ಮೂಡಬೇಕು" ಎಂದರು. ಇಂಜಿನ್ ಮುಚ್ಚುವ ಬಲಗಡೆಯ ಡಬ್ಬಿ ತೆಗೆದು, ಅವರು ತೋರಿಸಿದ ಜಾಗದ ಮೇಲೆ ಉಜ್ಜಿದೆ. ಕಾಗದದ ಮೇಲೆ ಅಮಾವಾಸ್ಯೆ ಮೂಡಿತು. ಒಂದಂಕಿ ಇಲ್ಲ.

"ಡಿಗ್ರಿ ಆಗೈತಿ ಅಂತೀರಿ, ಕರೇ ಕಾಗದ ಕೊಡ್ತೀರಲ್ರಿ?" ಎಂದರು ಇನ್ಸ್‌ಪೆಕ್ಟರ್. "ಮುಂದಿನ ಕ್ಯಾಂಪಿಗೆ ನಂಬರ್ ತೋರಿಸ್ರಿ. ಇಲ್ಲಂದ್ರ ಚೋರಿ ಮಾಲು ಅಂತ ಬರಕೊಂಡು ಇಲ್ಲೇ ನಿಲ್ಲಿಸಿಕೋತೀನಿ."

ನಮ್ಮ ಮನೆತನದಲ್ಲಿ ಯಾರ ಹೆಸರಿಗೂ ಸರಕಾರಿ ಕಾಗದ ಎಂಬುದು ಇರಲಿಲ್ಲ. ಹೊಲದ್ದಿಲ್ಲ, ಮನೆಯದ್ದೂ ಇಲ್ಲ. ನನ್ನ ಡಿಗ್ರಿಯದು ಮೊದಲನೆಯದು, ಇದು ಎರಡನೆಯದಾಗಬೇಕಿತ್ತು. ಆಗದೆ ಹೋದರೆ ಸ್ಕೂಟರೂ ಹೋಗುತ್ತಿತ್ತು, ಮೇಲೆ ಕಳ್ಳನೆಂಬ ಹೆಸರು.

ಸುದ್ದಿ ಸಿಂಧನೂರಿನಲ್ಲಿದ್ದ ಮಾವನಿಗೆ ಮುಟ್ಟಿ, ಅವರು ಮುಂದಿನ ಬಸ್ಸಿಗೇ ಮಸ್ಕಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂತರು.

"ನಂಬರ್ ಇಲ್ಲದ ಗಾಡಿ ಅಂದ್ರ ತಲಿ ಇಲ್ಲದ ಕುರಿ, ಅಳಿಯಾ. ಸಂತ್ಯಾಗ ಯಾರೂ ಹಿಡಿಯಂಗಿಲ್ಲ. ಇಂಜನ್ ಬಿಚ್ಚಿ ಕೊಡು, ಜವಳಗೇರಾದಾಗ ನನ್ನ ಗದ್ದಿಗೆ ನೀರೆತ್ತಾಕ ಹಚ್ಚತೀನಿ."

ನಾನು ಸ್ಕೂಟರನ್ನು ಅಡ್ಡ ಮಲಗಿಸಿ, ಟಾರ್ಚ್ ಹಿಡಿದು, ಹೊಟ್ಟೆಯ ಕೆಳಗೆ, ಸೀಟಿನ ಅಡಿಗೆ, ಗಾಲಿಯ ಸಂದಿಗೆ ಇಣುಕಿ ನೋಡಿದೆ. ಅಪ್ಪ ಬೀಡಿ ಸೇದುತ್ತ ಬಹಳ ಹೊತ್ತು ನೋಡಿ, "ಏನ್ ಹುಡುಕಾಕತ್ತೀ?" ಎಂದ.

"ನಂಬರ್."

"ಮುಂದೂ ಐತಿ, ಹಿಂದೂ ಐತಿ. ಇಷ್ಟು ಓದಿ ನಂಬರ್ ಓದಾಕ ಬರಂಗಿಲ್ಲೇನು?"

ಮಾವ ನಕ್ಕ ರಭಸಕ್ಕೆ ಬಸಿಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು.

"ಅದಲ್ಲಪ್ಪಾ. ಎತ್ತಿಗೆ ಬರೆ ಹಾಕಿರ್ತಾರಲ್ಲ, ಹಂಗ. ಕಂಪನ್ಯಾಗ ಕಬ್ಬಿಣದ ಮೈಗೆ ಬಡದು ಕೂರಿಸಿರ್ತಾರ. ಇದರ ಹುಟ್ಟಿನ ಗುರುತು."

ಅಪ್ಪನ ಬೀಡಿ ತುಟಿಯಲ್ಲೇ ನಿಂತಿತು. "ಬಲ ಪಕ್ಕಿಗೇನು? ಡಬ್ಬಿ ಒಳಗ?"

"ಹೂಂ."

"ಅದು ಗಾಯ ಅಲ್ಲೇನು?"

ಹಬ್ಬದ ದಿನ ಅಪ್ಪ ಸ್ಕೂಟರಿನ ಮೈ ತೊಳೆಯುವಾಗ ಡಬ್ಬಿ ತೆಗೆದಿದ್ದ. ಒಳಗೆ ಸಾಲಾಗಿ ಕಚ್ಚು ಕಂಡವು. ಅಕ್ಷರ ಬಾರದವನಿಗೆ ಅದು, ಯಾರೋ ಪಾಪಿ ಉಳಿಯಿಂದ ಹೊಡೆದ ಹಾಗೆ ಕಂಡಿತ್ತು. ಎತ್ತಿಗೆ ನೊಗದ ಹುಣ್ಣಾದರೆ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ್ದ. ಔಡಲೆಣ್ಣೆಯಲ್ಲಿ ಅರಿಷಿಣ ಕಲಸಿ ತುಂಬಿದ್ದ. ನೊಣ ಕೂರಬಾರದೆಂದು ಅದರ ಮೇಲೆ ಕೊಂಬಿನ ಬಣ್ಣ ಬಳಿದಿದ್ದ. ಒಂದೇ ಸಲವಲ್ಲ, ಬಣ್ಣ ತೀರುವತನಕ. ಕ್ಯಾಂಪಿನಲ್ಲಿ ನಾನು ಅದನ್ನು ತುಕ್ಕು ಹಿಡಿಯದಂತೆ ಬಳಿಯುವ ಕೆಂಪು ಬಣ್ಣ ಎಂದುಕೊಂಡಿದ್ದೆ.

ಮಾವನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಉಳಿ ತಾ ಅಳಿಯಾ, ಕೆರದು ಒಗೆಯೂನು!" ಎಂದು ಎದ್ದರು.

ಅಪ್ಪ ಅಡ್ಡ ನಿಂತ. "ಮಾಯಾಕತ್ತಿದ ಗಾಯಾನ ಯಾರಾರ ಕೆರೀತಾರೇನು? ಸರಿ ಅತ್ತಾಗ."

ಈ ಒಂದು ಮಾತಿನಲ್ಲಿ ನಾನೂ ಅಪ್ಪನ ಕಡೆಗಿದ್ದೆ. ಉಳಿ ತಾಗಿದರೆ ಅಂಕಿಯೇ ಹೋಗುತ್ತಿತ್ತು. ಮೆತ್ತನೆಯ ಅರಿವೆಯನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ಬಣ್ಣದ ಮೇಲಿಟ್ಟು, ನೆನೆಯಲು ಬಿಟ್ಟು, ನಿಧಾನ ಒರೆಸಿದೆ. ಮೊದಲು ಕೆಂಪು ಬಂತು. ಆಮೇಲೆ ಹಳದಿ. ಹಳದಿಯ ಕೆಳಗಿನಿಂದ ಒಂದೊಂದೇ ಅಂಕಿ ಎದ್ದು ಬಂದಾಗ ಗಟ್ಟಿಯಾಗಿ ಓದಿದೆ. ಡಿಗ್ರಿ ಪಾಸಾದವರ ಪಟ್ಟಿಯಲ್ಲಿ ನನ್ನ ನಂಬರನ್ನೂ ಅಷ್ಟು ಖುಷಿಯಿಂದ ಓದಿರಲಿಲ್ಲ.

"ಇಷ್ಟುದ್ದ?" ಎಂದರು ಮಾವ. "ಓದೋದ್ರಾಗ ಸಿಂಧನೂರು ಬರತೈತಿ."

ಮುಂದಿನ ಕ್ಯಾಂಪಿಗೆ ಅಪ್ಪ ಹಿಂದಿನ ಸೀಟಿನಲ್ಲಿ ಕೂತು ಬಂದ. ಮಾವ ನಮಗಿಂತ ಮೊದಲೇ ಬಂದು ನಿಂತಿದ್ದರು. ಗಾಡಿ ಜಪ್ತಿಯಾಗುವುದನ್ನು ನೋಡುವ ಅವಕಾಶ ತಪ್ಪಿಸಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ಪೆನ್ಸಿಲ್ ಉಜ್ಜಿದೆ. ಅಂಕಿಗಳು ಛಾಪಖಾನೆಯಿಂದ ಬಂದಂತೆ ಮೂಡಿದವು. ಇನ್ಸ್‌ಪೆಕ್ಟರ್ ಕಾಗದ ನೋಡಿದರು, ಬಗ್ಗಿ ಸ್ಕೂಟರ್ ನೋಡಿದರು.

"ಇಷ್ಟು ವಯಸ್ಸಿನ ಗಾಡಿಗೆ ನಂಬರೆಲ್ಲಾ ತುಕ್ಕು ತಿಂದಿರತೈತಿ. ಇದಕ್ಕೇನು ಹಚ್ಚೀರಿ?"

"ಔಡಲೆಣ್ಣಿ, ಅರಿಷಿಣ ರೀ," ಎಂದ ಅಪ್ಪ.

"ಯಾಕ?"

"ಗಾಯ ಆಗಿತ್ರಿ."

ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿದರು. ನಾನು ಹ್ಯಾಂಡಲ್ಲಿನ ಕೆಂಪು ಕೊಂಬು ನೋಡಿದೆ. ಅವರು ಮತ್ತೇನೂ ಕೇಳದೆ ಸಹಿ ಮಾಡಿದರು.

ಕೆಲವು ವಾರ ಬಿಟ್ಟು ಗಾಡಿ ನೋಂದಣಿ ಕಚೇರಿಯವರು ಕರೆದು ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಕೈಗೆ ಕೊಟ್ಟರು. ಮನೆಗೆ ತಂದು ಮಾವನ ಎದುರಿಗೇ ಅಪ್ಪನ ಕೈಗಿಟ್ಟೆ. ಮಾವ, "ಕಾಗದ ಆತು ಬಿಡು. ಗಾಡಿ ಎಷ್ಟು ದಿನ ಓಡತೈತಿ ನೋಡೂನು" ಎಂದು ಮುಂದಿನ ಸಲಕ್ಕೆ ಒಂದು ಮಾತು ಉಳಿಸಿಕೊಂಡರು.

ಅಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಏನಂತ ಬರದಾರ?" ಎಂದ.

"ಮೊದಲು ನನ್ನ ಹೆಸರು. ಬಿನ್ ಅಂತ ನಿನ್ನ ಹೆಸರು."

"ನನ್ನ ಹೆಸರೂ ಐತೇನು?"

"ಐತಿ, ನೋಡು, ಇಲ್ಲೆ."

ನಾನು ತೋರಿಸಿದ ಜಾಗದ ಮೇಲೆ ಅಪ್ಪ ಹೆಬ್ಬೆರಳು ಆಡಿಸಿದ, ಅಂಕಿಯಂತೆ ಅದೂ ಕೈಗೆ ಹತ್ತುತ್ತದೆಯೋ ಎಂಬಂತೆ. ಆಮೇಲೆ ಮಾವನ ಕಡೆ ತಿರುಗಿ ಹೇಳಿದ:

"ಹಂಗಾದ್ರ ಬರೋ ಕಾರಹುಣ್ಣಿವಿಗೆ ಕೊಂಬಿಗೆ ಬಣ್ಣ ಹಚ್ಚಾಕ ನನಗ ಯಾರೂ ಬ್ಯಾಡ ಅನ್ನಂಗಿಲ್ಲ."