ಸಿಂಧೂರ ಬಳಿದ ಜಾಲಿ

ಠಾಣಾ ಕುಶನೂರಿನ ಕಸ್ತೂರಿಬಾಯಿಯ ಹೊಲದಲ್ಲಿ ಜೋಳದ ನಡುವೆ ಜಾಲಿಮರಗಳಿದ್ದವು. ಗಂಡ ಸತ್ತ ವರ್ಷ ತಾವಾಗಿ ಹುಟ್ಟಿದ ಸಸಿಗಳನ್ನು ಆಕೆ ಕೀಳಲಿಲ್ಲ. ಎತ್ತು ಹೊರಳಿಸಿ, ಸಸಿಗಳ ಸುತ್ತ ನೆಲ ಬಿಟ್ಟು ಬಿತ್ತಿದಳು.

"ಹೊಲಾನ ಅಡವಿ ಮಾಡ್ಯಾಳ," ಎಂದು ಊರು ನಕ್ಕಿತು.

ಬಿತ್ತುವ ಮೊದಲು ಕೆಳಗಿನ ಟೊಂಗೆ ಸವರಿ ನೆರಳು ತೆಳ್ಳಗೆ ಮಾಡುತ್ತಿದ್ದಳು. ಮುಳ್ಳು ಬೇಲಿಗೆ, ಕಾಯಿ ಆಡುಗಳಿಗೆ, ಎಲೆ ನೆಲಕ್ಕೆ. ಮಳೆ ಕೈಕೊಟ್ಟ ವರ್ಷ ಆಕೆಯ ಆಡುಗಳು ಮಾತ್ರ ಹಾಲು ಕೊಟ್ಟವು. ನಕ್ಕವರೇ ಚರಿಗೆ ಹಿಡಿದು ಬಂದರು.

ನಿಜಾಮನ ಕಾಲ ಅದು. ಜಾಗೀರದಾರ ಭಾಲ್ಕಿಯಲ್ಲಿ ಹವೇಲಿ ಕಟ್ಟಿಸುತ್ತಿದ್ದ. ಇಟ್ಟಿಗೆ ಸುಡಲು ಕಟ್ಟಿಗೆ ಬೇಕಿತ್ತು. ಊರಿನ ಪಾಟೀಲ ಮಲ್ಲಿಕಾರ್ಜುನಪ್ಪ ಈ ಮರಗಳತ್ತ ಕೈ ತೋರಿಸಿದ.

"ಹೊಲ ನಿಂದು ಕಸ್ತೂರವ್ವ, ಗಿಡ ಜಾಗೀರದ್ದು. ಸೋಮವಾರ ಕೊಡಲಿ ಬರ್ತಾವ."

"ಬೆಳಸಿದಾಕಿ ನಾನ್ರಿ, ಗೌಡ್ರ."

"ಬೆಳಸು ಅಂತ ಯಾರ ಹೇಳಿದ್ರು?"

ಆಕೆ ಬಡಿಗ ಸುಭಾನನ ಬಳಿ ಹೋದಳು. ಆ ಮರಗಳ ಟೊಂಗೆಯಿಂದಲೇ ಅವನು ಊರಿಗೆಲ್ಲ ನೇಗಿಲು ಮಾಡಿಕೊಟ್ಟಿದ್ದ.

"ಹಳ್ಳದಾಗಿನ ಕಲ್ಲಿಗಿ ಶೇಂದೂರ ಬಡದು ಗಿಡದ ಬುಡಕ ಇಡಕ್ಕ. ಟೊಂಗಿಗಿ ಹಸಿರು ಬಟ್ಟಿ ನಾ ಕಟ್ತೇನಿ. ನಿಮ್ಮವರೂ ಕಡ್ಯಂಗಿಲ್ಲ, ನಮ್ಮವರೂ ಕಡ್ಯಂಗಿಲ್ಲ."

"ಕೊರಳಾಗ ಲಿಂಗ ಇಟ್ಕೊಂಡು ಹಳ್ಳದ ಕಲ್ಲಿಗಿ ಕೈ ಮುಗೀಲೇನೊ?"

"ಮುಗೀಬ್ಯಾಡ. ಇಡು ಸಾಕು."

ಇಟ್ಟಳು. ಸೋಮವಾರ ಬಂದ ಆಳುಗಳು ಸಿಂಧೂರ ಕಂಡು ಕೊಡಲಿ ಕೆಳಗಿಟ್ಟರು. ಪಾಟೀಲ ಕಲ್ಲನ್ನೂ ನೋಡಿದ, ಆಕೆಯನ್ನೂ ನೋಡಿದ. ಆಮೇಲೆ ರುಮಾಲು ಸರಿಪಡಿಸಿಕೊಂಡು ತಾನೂ ಕೈ ಮುಗಿದ. ಕೊಡಲಿಗಿಂತ ಆ ಕೈಗಳಿಗೆ ಆಕೆ ಹೆದರಬೇಕಿತ್ತು. ಹೆದರಲಿಲ್ಲ, ಮನೆಗೆ ಹೋಗಿ ಹೊಟ್ಟೆ ತುಂಬ ನಕ್ಕಳು.

ಮುಂದೆ ಜನ ಬಂದರು. ಔರಾದದಿಂದ ಬಂಡಿ ಕಟ್ಟಿಕೊಂಡು, ಮಕ್ಕಳಾಗದವರು, ಜ್ವರದವರು, ತೆನೆ ಕಟ್ಟಿದ ಜೋಳ ತುಳಿದುಕೊಂಡೇ ಬಂದು ತೆಂಗಿನಕಾಯಿ ಒಡೆದರು. ಆಕೆ ಬೈದು ಅಟ್ಟಿದಳು; ದೇವರ ಹೊಲದಾಕೆ ಬೈದರೆ ಒಳ್ಳೆಯದಾಗುತ್ತದೆಂದು ಇನ್ನಷ್ಟು ಜನ ಬಂದರು.

"ದೇವರು ಮೂಡಿದ ನೆಲಕ್ಕ ನೇಗಿಲು ಹಚ್ಚಬಾರದು," ಎಂದು ಪಾಟೀಲ ಚಾವಡಿಯಲ್ಲಿ ಹೇಳಿದ.

ಕಸ್ತೂರಿಬಾಯಿ ಎದ್ದು ನಿಂತಳು. "ಯಾವ ದೇವರ್ರಿ? ಆ ಕಲ್ಲು ಹಳ್ಳದ್ದು. ನಾನೇ ಇಟ್ಟೀನಿ."

"ಬಟ್ಟಿ ನಾ ಕಟ್ಟೀನ್ರಿ," ಎಂದ ಸುಭಾನ.

ಮುದುಕಿಯೊಬ್ಬಳು ಕಸ್ತೂರಿಬಾಯಿಯ ಕಾಲು ಮುಟ್ಟಿದಳು. "ದೇವರು ನಿನ್ನ ಕೈಲೇ ಇಡಿಸ್ಕೊಂಡಾನವ್ವ. ಪುಣ್ಯವಂತಿ ನೀ."

ನಿಜ ಹೇಳಿದ್ದೇ ಆಕೆಗೆ ಉರುಳಾಯಿತು. ಹೊಲ ದೇವರ ಹೆಸರಿಗೆ ಹೋಯಿತು, ಪೂಜೆ ಪಾಟೀಲನ ತಮ್ಮನಿಗೆ. ದೂರು ಹೇಳಲು ಬೀದರಿನ ಕಚೇರಿಗೆ ಆಕೆ ನಡೆದು ಹೋದಳು. ಅಲ್ಲಿನ ಕಾರಕೂನ ಎಲ್ಲ ಕೇಳಿ, ಮುಂದಿನ ಸಲ ಬರುವಾಗ ಪ್ರಸಾದ ತಾ ಎಂದ. ಹವೇಲಿಯ ಇಟ್ಟಿಗೆ ಯಾರದೋ ಮಾವಿನಮರದ ಕಟ್ಟಿಗೆಯಲ್ಲಿ ಬೆಂದವು.

ಕೊನೆಗೆ ಕೂಲಿಗೆ ಹೋಗಿ ಬದುಕಿದಳು. ಒಂದು ಬೇಸಿಗೆ ಆಡುಗಳನ್ನು ಹೊಡೆದುಕೊಂಡು ಉದುರಿದ ಜಾಲಿಕಾಯಿಗೆಂದು ಆ ಹೊಲಕ್ಕೆ ಹೋದಾಗ ಪೂಜಾರಿ ತಡೆದ.

"ಕಾಯಿ ದೇವರವು. ಕೈ ಮುಗಿಯೂದಿದ್ರ ಕಾಲಾಗಿನವು ಬಿಟ್ಟು ಒಳಗ ಬಾ."

"ನನ್ನ ಹೊಲದಾಗ ನಾ ಯಾವತ್ತು ಕಾಲಾಗ ಹಾಕ್ಕೊಂಡು ಬಂದೀನೊ?" ಎಂದು ಬರಿಗಾಲು ತೋರಿಸಿದಳು. ಆದರೂ ಒಳಗೆ ಹೋಗಲಿಲ್ಲ.

ಮರಗಳೇನೋ ಉಳಿದವು. ದೇವರ ಟೊಂಗೆ ಸವರುವವರಿಲ್ಲದೆ ನೆರಳು ದಟ್ಟವಾಗಿ, ಕೆಳಗೆ ಹುಲ್ಲೂ ಬೆಳೆಯದಾಯಿತು.