ಗೆರೆ ಎಳೆದ ಚೌಕ

ನಡುಮನೆಯ ಗೋಡೆಯ ಮೇಲಿನ ಚಿತ್ರದಲ್ಲಿ ಎಡಗಡೆಯ ಮಂದಿಯನ್ನೆಲ್ಲ ಕರಿ ಗೆರೆಗಳು ಕಟ್ಟಿಹಾಕಿವೆ. ಅಜ್ಜ ಯಾಕೆ ಹಾಗೆ ಮಾಡಿದರೆಂದು ಮೊಮ್ಮಕ್ಕಳು ನೀವು ಕೇಳುತ್ತೀರಿ. ಆ ಗೆರೆಗಳು ನನ್ನವು. ಬಾಯಿಬಿಟ್ಟು ಹೇಳಲು ಇಷ್ಟು ದಿನ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಜಾಮರ ಕಾಲ. ನಿಮ್ಮ ಅಜ್ಜ ಕಲಬುರಗಿಯ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ಹೈದರಾಬಾದಿನ ಯಾರದೋ ದಿವಾನಖಾನೆಯಲ್ಲಿ ಬರೀ ಚುಕ್ಕಿಗಳಿಂದ ಮಾಡಿದ ವಿಲಾಯತಿ ಚಿತ್ರ ನೋಡಿ ಬಂದು, ನಮ್ಮೂರ ಚೌಕವನ್ನೂ ಹಾಗೆಯೇ ಬರೆಯಲು ಕೂತರು. ಕಮಲಾಪುರದಿಂದ ಸೊಸೆಯಾಗಿ ಬಂದ ನಾನು ಆ ಚೌಕವನ್ನು ದಾಟಿದ್ದು ಒಮ್ಮೆ ಮಾತ್ರ, ಅದೂ ಪರದೆ ಕಟ್ಟಿದ ಬಂಡಿಯಲ್ಲಿ.

"ಇದೇನ್ರೀ, ಮೊರದಾಗ ಬ್ಯಾಳಿ ಹರವಿದಂಗ ಅದ?" ಎಂದೆ.

"ಬ್ಯಾಳಿ ಆರಿಸೋ ಆಕಿಗಿ ಬ್ಯಾಳೀನೇ ಕಾಣ್ತದ," ಎಂದು ನಕ್ಕರು. "ಹಿಂದ ಸರಿ. ಇನ್ನೂ ಸರಿ. ಬೆನ್ನು ಬಾಗಲಕ್ಕ ಹತ್ತಲಿ."

ಬೆನ್ನು ಬಾಗಿಲಿಗೆ ತಾಗಿದಾಗ ಚುಕ್ಕಿಗಳೆಲ್ಲ ಕೂಡಿ ಚಿತ್ರದೊಳಗಿನ ಟಾಂಗಾ ಓಡಿತು. ಬಳೆಗಾರನ ಮುಂದೆ ಹೆಂಗಸರು ಬಾಗಿದರು. ಕೆಂಪು ಟೋಪಿಯವರೊಬ್ಬರು ಗುಂಪು ಸೀಳಿಕೊಂಡು ನಡೆದರು. ಕೋಟೆಯ ಮೇಲಿನ ಬಿಸಿಲು ಕೂಡ ಮಿಸುಕುತ್ತಿತ್ತು.

ಚಿತ್ರ ಮುಗಿದ ವಾರವೇ ಅವರು ಜ್ವರದಿಂದ ಮಲಗಿದರು. ಹಕೀಮರ ಔಷಧಿ ಹಿಡಿಯಲಿಲ್ಲ. ಹತ್ತನೆಯ ದಿನ ಅತ್ತೆಯ ಕಣ್ಣು ಚಿತ್ರದ ಮೇಲೆ ಬಿತ್ತು.

"ಚುಕ್ಕಿ ಇಟ್ಟು ಕೂಡಿಸದೇ ಬಿಟ್ಟಾನ! ಅರ್ಧಾ ರಂಗೋಲಿ ಮನ್ಯಾಗ ಇಟ್ಕೊಂಡು ಮಗ ಏಳು ಅಂದ್ರ ಹ್ಯಾಂಗ ಏಳ್ತಾನ? ಕಮಲಾಪುರದಾಗ ನಿನ್ನಂಗ ರಂಗೋಲಿ ಹಾಕೋರಿಲ್ಲಂತ ನಿಮ್ಮವ್ವ ಹೊಗಳಿದ್ದಳಲ್ಲ, ಕೂಡಸು."

"ಅವರನ್ನ ಒಂದು ಮಾತು ಕೇಳಿ..."

"ಗಂಡನ ಜೀವಕ್ಕಿಂತ ಚಿತ್ರ ಹೆಚ್ಚೇನು ನಿನಗ?"

ಅತ್ತೆ ಹೇಳಿದ್ದೇ ನಿಜವಾಗಿದ್ದರೆ ಎಂಬ ಹೆದರಿಕೆ ನನಗೂ ಇತ್ತು. ನಿಮ್ಮಪ್ಪನನ್ನು ತೊಟ್ಟಿಲಲ್ಲಿ ಮಲಗಿಸಿ ಕುಂಚ ಹಿಡಿದೆ. ಟಾಂಗಾದ ಗಾಲಿಯಿಂದ ಕುದುರೆಗೆ, ಕುದುರೆಯಿಂದ ಬಳೆಗಾರನಿಗೆ ಗೆರೆ ಎಳೆದೆ. ಅರ್ಧ ಮುಗಿದಿರುವಾಗ ನಿಮ್ಮ ಅಜ್ಜ ಒಳಗಿನಿಂದ ಕರೆದರು.

"ಚೌಕ ತೊಗೊಂಡು ಬಾ. ನೋಡಬೇಕನಸ್ತದ."

ಬಾಗಿಲಲ್ಲೇ ನಿಂತು ಎತ್ತಿ ಹಿಡಿದೆ.

"ಹತ್ತಿರ ತಾ."

"ದೂರದಿಂದನೇ ಛಲೋ ಕಾಣ್ತದಂತ ನೀವೇ ಹೇಳಿದ್ರಿ."

ಬಹಳ ಹೊತ್ತು ನೋಡಿದರು. "ಟಾಂಗಾ ಯಾಕ ನಿಂತದ?"

ನನ್ನ ಹಿಂದೆ ಅತ್ತೆ ಕಷಾಯ ಹಿಡಿದು ನಿಂತಿದ್ದರು.

"ಇರ್ಲಿ ಬಿಡು. ಜ್ವರದ ಕಣ್ಣು," ಎಂದು ಅವರೇ ಅಂದುಕೊಂಡು ಗೋಡೆಯತ್ತ ಹೊರಳಿದರು. ಆಮೇಲೆ ನಾನು ಕುಂಚ ಮುಟ್ಟಲಿಲ್ಲ.

ಅದಾದ ಮೂರನೆಯ ದಿನ ಹೋಗಿಬಿಟ್ಟರು. ಎಲ್ಲ ಮುಗಿದ ಮೇಲೆ ಅತ್ತೆ ಚಿತ್ರದ ಮುಂದೆ ನಿಂತು ಒಂದೇ ಮಾತು ಅಂದರು: "ಅರ್ಧಕ್ಕ ಬಿಟ್ಟೆಲ್ಲ."